ಕುದುರೆಯ ಸೀರಮ್‌ನಿಂದ ಫ್ರಿಜ್ಜಿನ ಪೆನ್ನಿನವರೆಗೆ: ದೇಹ ಔಷಧಿಯನ್ನೇ ಎದುರಿಸಿದಾಗ (ಭಾಗ 11)



ಹೋದ ಭಾಗದಲ್ಲಿ ಸೋರಿಯಾಸಿಸ್ ಅಂಟುವ ಕಾಯಿಲೆ ಅಲ್ಲ, ಕುಷ್ಠ ಅಲ್ಲ, ಗಜಕರ್ಣವೂ ಅಲ್ಲ ಅಂತ ಬರೆದಿದ್ದೆ. ಅದನ್ನು ಓದಿ ಊರಿಂದಲೂ ಬೆಂಗಳೂರಿಂದಲೂ ಸುಮಾರು ಮೆಸೇಜು ಬಂದವು. ಅದರಲ್ಲಿ ಮೂರು ಜನ ಕೇಳಿದ್ದು ಒಂದೇ ಪ್ರಶ್ನೆ. ದುಬಾರಿ ಇಂಜೆಕ್ಷನ್ ಶುರು ಮಾಡಿದ ಮೇಲೆ ಮೈಯೆಲ್ಲ ತಿಳಿಯಾಯಿತು, ಒಂದು ವರ್ಷ ಚೆನ್ನಾಗಿತ್ತು, ಆಮೇಲೆ ಅದೇ ಇಂಜೆಕ್ಷನ್ ನೀರು ಚುಚ್ಚಿಸಿಕೊಂಡ ಹಾಗೆ ಆಯಿತು. ಯಾಕೆ?

ಪ್ರಶ್ನೆಯ ಜೊತೆಗೆ ಮೂವರೂ ತಮ್ಮ ತಮ್ಮ ಉತ್ತರವನ್ನೂ ಬರೆದಿದ್ದರು. ಒಬ್ಬರು ಮದುವೆ ಮನೆಯಲ್ಲಿ ಬದನೆಕಾಯಿ ತಿಂದೆ, ನಂಜಾಯಿತು ಅಂದರು. ಇನ್ನೊಬ್ಬರು ಮೀನು ಬಿಡೋಕೆ ಆಗಲಿಲ್ಲ, ಪಥ್ಯ ತಪ್ಪಿತು ಅಂದರು. ಮೂರನೆಯವರಿಗೆ ಅವರ ಅತ್ತೆ ನಾಗದೋಷ ಇನ್ನೂ ಕಳೆದಿಲ್ಲ ಅಂದಿದ್ದಾರೆ. ಪೂಜೆ ಮಾಡಿಸುವವರನ್ನು ನಾನು ಬೇಡ ಅನ್ನುವುದಿಲ್ಲ. ಆದರೆ ಮೂರೂ ಉತ್ತರಗಳಲ್ಲಿ ಒಂದು ಸಮಾನ ಅಂಶ ಇದೆ ನೋಡಿ: ತಪ್ಪು ನನ್ನದು ಅನ್ನುವ ಭಾವನೆ. ಇಂಗ್ಲೆಂಡಿನ ಆಸ್ಪತ್ರೆಯ ಚರ್ಮರೋಗ ವಿಭಾಗದಲ್ಲಿ ನಾನು ದಿನಾ ಇದೇ ಇಂಜೆಕ್ಷನ್ ಕೊಡುವ ಕ್ಲಿನಿಕ್‌ನಲ್ಲಿ ಇರುತ್ತೇನೆ. ಇಲ್ಲಿ ಬರುವವರೂ ಬೇರೆ ಭಾಷೆಯಲ್ಲಿ ಇದನ್ನೇ ಕೇಳುತ್ತಾರೆ: "ನಾನು ಏನು ತಪ್ಪು ಮಾಡಿದೆ?"

ಉತ್ತರ ಒಂದೇ ಸಾಲಿನಲ್ಲಿ ಹೇಳಬಹುದು. ಹೀಗಾಗುವುದಕ್ಕೆ ಒಂದು ದೊಡ್ಡ ಕಾರಣ, ನಮ್ಮ ದೇಹ ಆ ಔಷಧಿಯನ್ನೇ ಹೊರಗಿನದು ಅಂತ ಗುರುತು ಹಿಡಿದು, ಅದರ ವಿರುದ್ಧ ಪ್ರತಿಕಾಯ ತಯಾರಿಸುವುದು. ಒಂದು ಸಾಲಲ್ಲಿ ಹೇಳಿದರೆ ಮನಸ್ಸಿಗೆ ಇಳಿಯುವುದಿಲ್ಲ. ಇದರ ಹಿಂದೆ ನೂರಾ ಮೂವತ್ತು ವರ್ಷಕ್ಕಿಂತ ಹೆಚ್ಚಿನ ಕಥೆ ಇದೆ. ಆ ಕಥೆ ಗೊತ್ತಾದರೆ ಬದನೆಕಾಯಿಯ ಮೇಲಿನ ಕೋಪ ತಾನಾಗಿ ಇಳಿಯುತ್ತದೆ. ಸ್ವಲ್ಪ ಉದ್ದ ಆಗುತ್ತದೆ, ಕಾಫಿ ಇಟ್ಟುಕೊಂಡು ಕೂತುಕೊಳ್ಳಿ.

ಮೊದಲು ಕುದುರೆಯ ಕಥೆ.

19ನೇ ಶತಮಾನದ ಕೊನೆಯಲ್ಲಿ ಯುರೋಪಿನಲ್ಲಿ ಮಕ್ಕಳನ್ನು ಸಾಲುಸಾಲಾಗಿ ಕೊಲ್ಲುತ್ತಿದ್ದ ಕಾಯಿಲೆ ಡಿಫ್ತೀರಿಯಾ, ನಮ್ಮ ಕಡೆ ಗಂಟಲಮಾರಿ ಅಂತಾರಲ್ಲ, ಅದು. 1890ರಲ್ಲಿ ಬರ್ಲಿನ್‌ನಲ್ಲಿ ಎಮಿಲ್ ಫಾನ್ ಬೇರಿಂಗ್ ಮತ್ತು ಜಪಾನಿನಿಂದ ಬಂದಿದ್ದ ಕಿಟಸಾಟೊ ಶಿಬಸಬುರೊ ಒಂದು ಸಂಗತಿ ತೋರಿಸಿಕೊಟ್ಟರು. ಪ್ರಾಣಿಗೆ ಸ್ವಲ್ಪ ಸ್ವಲ್ಪವಾಗಿ ಈ ರೋಗಾಣುವಿನ ವಿಷ ಕೊಡುತ್ತಾ ಹೋದರೆ ಅದರ ರಕ್ತದಲ್ಲಿ ಆ ವಿಷಕ್ಕೆ ಎದುರಾದ ಏನೋ ಒಂದು ಹುಟ್ಟುತ್ತದೆ. ಆ ರಕ್ತದ ತಿಳಿಯನ್ನು, ಅಂದರೆ ಸೀರಮ್ಮನ್ನು, ಇನ್ನೊಂದು ಪ್ರಾಣಿಗೆ ಚುಚ್ಚಿದರೆ ಅದೂ ಬದುಕುತ್ತದೆ. ಬೇರೆಯವರ ದೇಹದಲ್ಲಿ ಹುಟ್ಟಿದ ಪ್ರತಿಕಾಯವನ್ನು ಔಷಧಿಯಾಗಿ ಬಳಸುವುದು ಅಲ್ಲಿಂದ ಶುರು. ಬೇರಿಂಗ್‌ಗೆ 1901ರಲ್ಲಿ ವೈದ್ಯಶಾಸ್ತ್ರದ ಮೊಟ್ಟಮೊದಲ ನೊಬೆಲ್ ಬಂತು.

ಕುದುರೆ ದೊಡ್ಡ ಪ್ರಾಣಿ, ರಕ್ತ ಜಾಸ್ತಿ ಸಿಗುತ್ತದೆ. ಹಾಗಾಗಿ ಸೀರಮ್ ತಯಾರಿಕೆಗೆ ಕುದುರೆಗಳು ಬಂದವು. ಸಾವಿರಾರು ಮಕ್ಕಳು ಬದುಕಿದರು. ಆದರೆ ವೈದ್ಯರು ವಿಚಿತ್ರವಾದ ಒಂದು ಸಂಗತಿ ಗಮನಿಸಿದರು. ಗಂಟಲಮಾರಿಯಿಂದ ಪಾರಾದ ಮಗುವಿಗೆ ಎಂಟು ಹತ್ತು ದಿನದ ನಂತರ ಜ್ವರ, ಮೈತುಂಬ ಗಂಧೆ, ಕೀಲುನೋವು, ಕತ್ತಿನಲ್ಲಿ ಗಡ್ಡೆ.

ಇದು ನಮಗೆ ಪರಿಚಯವಿಲ್ಲದ ವಿಷಯ ಅಲ್ಲ. ಚಿಕ್ಕವಳಿದ್ದಾಗ ನಮ್ಮ ದೊಡ್ಡಪ್ಪನಿಗೆ ಅಡಿಕೆ ತೋಟದಲ್ಲಿ ಕೊಳಕುಮಂಡಲ ಕಚ್ಚಿದ್ದು ಮನೆಯವರಿಗೆಲ್ಲ ನೆನಪಿದೆ. ಆಸ್ಪತ್ರೆಯಲ್ಲಿ ಬಾಟಲಿ ಬಾಟಲಿ ಹಾವಿನ ಔಷಧಿ ಹಾಕಿದರು, ಬದುಕಿ ಮನೆಗೆ ಬಂದರು. ಬಂದು ಒಂದು ವಾರ ಚೆನ್ನಾಗಿದ್ದು, ಆಮೇಲೆ ಜ್ವರ ಬಂದು ಮಂಡಿ ಊದಿ ಮೈಯೆಲ್ಲ ತುರಿಕೆ ಎದ್ದಿತು. "ವಿಷ ಒಳಗೇ ಉಳಿದಿದೆ" ಅಂತ ಊರಲ್ಲಿ ಎಲ್ಲರೂ ಅಂದರು. ಬಂದವರೆಲ್ಲ ಒಂದೊಂದು ಬೇರು ಹೇಳಿದರು. ನರ್ಸಿಂಗ್ ಓದುವಾಗ ಪುಸ್ತಕದಲ್ಲಿ ಆ ಲಕ್ಷಣಗಳನ್ನು ಸಾಲಾಗಿ ನೋಡಿದಾಗ ನನಗೆ ದೊಡ್ಡಪ್ಪನ ಮಂಡಿ ಕಣ್ಣ ಮುಂದೆ ಬಂತು. ಅದು ಹಾವಿನ ವಿಷ ಅಲ್ಲ. ನಮ್ಮ ದೇಶದಲ್ಲಿ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೂ ಸೇರಿ ಕೊಡುವ ಪ್ರತಿವಿಷ ಇವತ್ತಿಗೂ ಕುದುರೆಯ ರಕ್ತದಿಂದಲೇ ತಯಾರಾಗುತ್ತದೆ. ದೊಡ್ಡಪ್ಪನ ದೇಹ ಪ್ರತಿಕ್ರಿಯಿಸಿದ್ದು ಆ ಕುದುರೆಯ ಪ್ರೋಟೀನಿಗೆ. ಇಷ್ಟು ಹೇಳಿದ್ದಕ್ಕೆ ಯಾರೂ ಪ್ರತಿವಿಷ ಬೇಡ ಅನ್ನಬೇಡಿ. ಹಾವು ಕಚ್ಚಿದಾಗ ಜೀವ ಉಳಿಸುವುದು ಅದೊಂದೇ. ಹತ್ತು ದಿನದ ಜ್ವರಕ್ಕೆ ಔಷಧಿ ಇದೆ.

ಈ ಜ್ವರಕ್ಕೆ ಕಾರಣ ಹುಡುಕಿದವರು ವಿಯೆನ್ನಾದ ಇಬ್ಬರು ಮಕ್ಕಳ ವೈದ್ಯರು, ಕ್ಲೆಮೆನ್ಸ್ ಫಾನ್ ಪಿರ್ಕೆ ಮತ್ತು ಬೇಲಾ ಶಿಕ್. 1905ರಲ್ಲಿ ಅವರು ಇದರ ಬಗ್ಗೆ ಒಂದು ಪುಸ್ತಕವನ್ನೇ ಬರೆದು 'ಸೀರಮ್ ಕಾಯಿಲೆ' ಅಂತ ಹೆಸರಿಟ್ಟರು. ಅವರು ಕಂಡುಕೊಂಡ ಮುಖ್ಯ ವಿಷಯ ದಿನಗಳ ಲೆಕ್ಕ. ಮೊದಲ ಸಲ ಕುದುರೆ ಸೀರಮ್ ಕೊಟ್ಟಾಗ ಲಕ್ಷಣ ಕಾಣಿಸಲು ಒಂದು ವಾರಕ್ಕಿಂತ ಹೆಚ್ಚು ಬೇಕು. ಅದೇ ಮಗುವಿಗೆ ಎರಡನೇ ಸಲ ಕೊಟ್ಟರೆ ಬಹಳ ಬೇಗ ಬರುತ್ತದೆ. ಸೀರಮ್ಮೇ ವಿಷವಾಗಿದ್ದರೆ ಎರಡು ಸಲವೂ ಒಂದೇ ಹೊತ್ತು ಹಿಡಿಯಬೇಕಿತ್ತು. ವ್ಯತ್ಯಾಸ ಇರುವುದು ದೇಹದಲ್ಲಿ. ಮೊದಲ ಸಲ ದೇಹ ಕಲಿಯುತ್ತದೆ, ಎರಡನೇ ಸಲ ನೆನಪಿಟ್ಟುಕೊಂಡಿರುತ್ತದೆ. ಮರುವರ್ಷ ಪಿರ್ಕೆ ಇನ್ನೊಂದು ಹೊಸ ಪದ ಹುಟ್ಟಿಸಿದ: ಅಲರ್ಜಿ. ನಾವೆಲ್ಲ ಈಗ ಧೂಳಿಗೂ ಬಳಸುವ ಪದ, ಹುಟ್ಟಿದ್ದು ಈ ಕುದುರೆಯ ಸೀರಮ್ಮಿನ ಯೋಚನೆಯಿಂದ.

ದೇಹ ಕಲಿಯುತ್ತದೆ, ನೆನಪಿಟ್ಟುಕೊಳ್ಳುತ್ತದೆ. ಈ ಎರಡು ಮಾತು ಹಿಡಿದುಕೊಳ್ಳಿ, ಮುಂದಿನ ಕಥೆಯೆಲ್ಲ ಅದರ ಮೇಲೇ ನಿಂತಿದೆ.

ಈಗ ಎಪ್ಪತ್ತು ವರ್ಷ ದಾಟಿ ಕೇಂಬ್ರಿಜ್‌ಗೆ ಬನ್ನಿ. 1975ರಲ್ಲಿ ಅಲ್ಲಿನ ಪ್ರಯೋಗಾಲಯದಲ್ಲಿ ಅರ್ಜೆಂಟೀನಾದ ಸೀಸರ್ ಮಿಲ್‌ಸ್ಟೈನ್ ಮತ್ತು ಜರ್ಮನಿಯ ಗಿಯೋರ್ಗ್ ಕೋಹ್ಲರ್ ಒಂದು ಉಪಾಯ ಕಂಡುಹಿಡಿದರು. ಇಲಿಗೆ ಒಂದು ವಸ್ತು ಚುಚ್ಚಿ, ಅದಕ್ಕೆ ಪ್ರತಿಕಾಯ ತಯಾರಿಸುವ ಜೀವಕೋಶಗಳನ್ನು ಅದರ ಗುಲ್ಮದಿಂದ ತೆಗೆದು, ಸಾಯದೆ ಬೆಳೆಯುತ್ತಲೇ ಇರುವ ಕ್ಯಾನ್ಸರ್ ಕೋಶದ ಜೊತೆ ಬೆಸೆದರು. ಒಂದರಿಂದ ಪ್ರತಿಕಾಯ ಮಾಡುವ ಗುಣ, ಇನ್ನೊಂದರಿಂದ ಸಾಯದ ಗುಣ. ನಾವು ಮಾವಿಗೆ ಕಸಿ ಕಟ್ಟುವಂತೆ ಅಂದುಕೊಳ್ಳಿ. ಈಗ ಪಾತ್ರೆಯಲ್ಲಿ ಒಂದೇ ತರಹದ ಪ್ರತಿಕಾಯ ಎಷ್ಟು ಬೇಕಾದರೂ ಬೆಳೆಸಬಹುದು. ಇದಕ್ಕೆ ಪೇಟೆಂಟ್ ತೆಗೆದುಕೊಳ್ಳಲಿಲ್ಲ. 1984ರಲ್ಲಿ ನೀಲ್ಸ್ ಯೆರ್ನೆ ಜೊತೆ ಇಬ್ಬರಿಗೂ ನೊಬೆಲ್ ಬಂತು.

ಈ ವಿಧಾನದ ಮೊದಲ ಔಷಧಿ ಮುರೊಮೊನಾಬ್. 1986ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಕಿಡ್ನಿ ಕಸಿ ಮಾಡಿದ ಮೇಲೆ ದೇಹ ಹೊಸ ಕಿಡ್ನಿಯನ್ನು ತಿರಸ್ಕರಿಸದಿರಲಿ ಅಂತ ಕೊಡುತ್ತಿದ್ದರು. ಕೆಲಸ ಮಾಡಿತು. ಆದರೆ ಅದು ಇಲಿಯ ಪ್ರೋಟೀನ್. ಪಿರ್ಕೆ ಕುದುರೆಯಲ್ಲಿ ಕಂಡಿದ್ದೇ ಇಲ್ಲೂ ಕಂಡಿತು. ಎಷ್ಟೋ ಜನರ ದೇಹ ಇಲಿಯ ಪ್ರತಿಕಾಯದ ವಿರುದ್ಧ ತನ್ನ ಪ್ರತಿಕಾಯ ತಯಾರಿಸಿತು. ಎರಡನೇ ಸಲ ಕೊಡಬೇಕೆಂದರೆ ಔಷಧಿ ನಾಟುತ್ತಿರಲಿಲ್ಲ.

ಹಾಗಾದರೆ ಇಲಿಯ ಭಾಗ ಕಡಿಮೆ ಮಾಡೋಣ ಅಂತ ವಿಜ್ಞಾನಿಗಳು ಹೊರಟರು. 1980ರ ದಶಕದಲ್ಲಿ ಮೊದಲು ತುದಿ ಮಾತ್ರ ಇಲಿಯದ್ದು, ಬುಡ ಮನುಷ್ಯನದ್ದು ಇರುವ ಪ್ರತಿಕಾಯ ಬಂತು. 1986ರಲ್ಲಿ ಕೇಂಬ್ರಿಜ್‌ನ ಗ್ರೆಗ್ ವಿಂಟರ್ ತಂಡ ಇನ್ನೂ ಮುಂದೆ ಹೋಗಿ, ಹಿಡಿಯುವ ತುದಿಯ ಕೆಲವೇ ತುಣುಕು ಬಿಟ್ಟು ಉಳಿದದ್ದನ್ನೆಲ್ಲ ಮನುಷ್ಯನದ್ದಾಗಿ ಮಾಡಿ ತೋರಿಸಿತು. ಆಮೇಲೆ ಇಲಿಯೇ ಇಲ್ಲದೆ, ಬ್ಯಾಕ್ಟೀರಿಯಾಕ್ಕೆ ತಗಲುವ ವೈರಸ್ಸುಗಳ ಮೇಲೆ ಮನುಷ್ಯ ಪ್ರತಿಕಾಯದ ತುಣುಕುಗಳನ್ನು ಜೋಡಿಸಿ ಆರಿಸುವ ವಿಧಾನವೂ ಬಂತು. ಅದಕ್ಕೆ ವಿಂಟರ್ 2018ರ ರಸಾಯನಶಾಸ್ತ್ರ ನೊಬೆಲ್‌ನಲ್ಲಿ ಪಾಲು ಪಡೆದರು.

ಇಲ್ಲಿ ಒಂದು ಚಿಕ್ಕ ಆಟ ಹೇಳಿಕೊಡುತ್ತೇನೆ. ನಿಮ್ಮ ಡಬ್ಬಿಯ ಮೇಲಿನ ಔಷಧಿಯ ಮೂಲ ಹೆಸರು ನೋಡಿ, ಬ್ರ್ಯಾಂಡ್ ಹೆಸರು ಅಲ್ಲ. ಕೊನೆಯಲ್ಲಿ 'ಒಮಾಬ್' ಇದ್ದರೆ ಪೂರ್ತಿ ಇಲಿ. 'ಕ್ಸಿಮಾಬ್' ಇದ್ದರೆ ಇಲಿ-ಮನುಷ್ಯ ಬೆರಕೆ, ಉದಾಹರಣೆಗೆ ಇನ್‌ಫ್ಲಿಕ್ಸಿಮಾಬ್. 'ಜುಮಾಬ್' ಇದ್ದರೆ ಬಹುಪಾಲು ಮನುಷ್ಯ, ಇಕ್ಸೆಕಿಜುಮಾಬ್ ತರಹ. ಬರೀ 'ಉಮಾಬ್' ಇದ್ದರೆ ಪೂರ್ತಿ ಮನುಷ್ಯನದ್ದು: ಅಡಾಲಿಮುಮಾಬ್, ಉಸ್ಟೆಕಿನುಮಾಬ್, ಸೆಕುಕಿನುಮಾಬ್. 2017ರಲ್ಲಿ ಹೆಸರಿಡುವ ಈ ಪದ್ಧತಿ ಬದಲಾಯಿತು, ಆದರೆ ಈಗ ಹೆಚ್ಚು ಬಳಕೆಯಲ್ಲಿರುವ ಸೋರಿಯಾಸಿಸ್ ಇಂಜೆಕ್ಷನ್ನುಗಳ ಹೆಸರೆಲ್ಲ ಹಳೆಯ ಪದ್ಧತಿಯವೇ. ಕುದುರೆಯಿಂದ ಇಲಿಗೆ, ಇಲಿಯಿಂದ ಮನುಷ್ಯನಿಗೆ ಬಂದ ದಾರಿ ಆ ಎರಡು ಅಕ್ಷರದಲ್ಲಿ ಕೂತಿದೆ.

ಸೋರಿಯಾಸಿಸ್ ಈ ದಾರಿಗೆ ಬಂದು ಸೇರಿದ್ದು ಅಕಸ್ಮಾತ್ತಾಗಿ. ಬಹಳ ಕಾಲ ಅದನ್ನು ಚರ್ಮದ ಮೇಲ್ಪದರದ ಕಾಯಿಲೆ ಅಂತಲೇ ತಿಳಿದಿದ್ದರು. ಟಾರ್ ಹಚ್ಚುವುದು, ಬಿಸಿಲು ಕಾಯಿಸುವುದು ಇತ್ಯಾದಿ. 1979ರಲ್ಲಿ ಕಸಿ ರೋಗಿಗಳಿಗೆ ಕೊಡುವ ಸೈಕ್ಲೋಸ್ಪೋರಿನ್ ಮಾತ್ರೆಯನ್ನು ಕೀಲುನೋವಿಗೆ ಪ್ರಯೋಗ ಮಾಡುತ್ತಿದ್ದಾಗ, ಸೋರಿಯಾಸಿಸ್ ಇದ್ದವರ ಚರ್ಮ ತಿಳಿಯಾಯಿತು. ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧಿಗೆ ಚರ್ಮ ವಾಸಿಯಾಗುತ್ತದೆ ಅಂದರೆ ಗಲಾಟೆ ಎಬ್ಬಿಸುತ್ತಿರುವುದು ರೋಗನಿರೋಧಕ ವ್ಯವಸ್ಥೆಯೇ ಅಂತ ಆಯಿತು. ಕಾಯುವವನೇ ಮನೆಗೆ ಕಲ್ಲು ಹೊಡೆದ ಹಾಗೆ.

ಅದೇ ಹೊತ್ತಿಗೆ ಲಂಡನ್ನಿನಲ್ಲಿ ಮಾರ್ಕ್ ಫೆಲ್ಡ್‌ಮನ್ ಮತ್ತು ರವೀಂದರ್ ಮೈನಿ ಸಂಧಿವಾತದ ಮೇಲೆ ಕೆಲಸ ಮಾಡುತ್ತಿದ್ದರು. ಮೈನಿ ಹುಟ್ಟಿದ್ದು ನಮ್ಮ ಪಂಜಾಬಿನ ಲುಧಿಯಾನದಲ್ಲಿ. ಊದಿಕೊಂಡ ಕೀಲಿನಲ್ಲಿ ಟಿಎನ್‌ಎಫ್ ಅನ್ನುವ ಒಂದು ಸಂದೇಶ ಪ್ರೋಟೀನ್ ಉರಿಯನ್ನು ಹೆಚ್ಚಿಸುತ್ತಿದೆ, ಅದನ್ನು ಹಿಡಿದು ಕೂರಿಸಿದರೆ ಉರಿ ಇಳಿಯಬೇಕು ಅನ್ನುವುದು ಅವರ ಲೆಕ್ಕ. 1992ರಲ್ಲಿ ಇನ್‌ಫ್ಲಿಕ್ಸಿಮಾಬ್ ಕೊಟ್ಟು ನೋಡಿದರು. ರೋಗಿಗಳು ಚೇತರಿಸಿಕೊಂಡರು. ಆದರೆ ಕೆಲವು ವಾರಗಳ ನಂತರ ನೋವು ವಾಪಸ್ ಬರುತ್ತಿತ್ತು, ಮತ್ತೆ ಮತ್ತೆ ಕೊಡಬೇಕಿತ್ತು. ಮತ್ತೆ ಮತ್ತೆ ಅಂದ ತಕ್ಷಣ ಹಳೆಯ ಕುದುರೆ ಪ್ರಶ್ನೆ ಎದ್ದಿತು.

1998ರಲ್ಲಿ ಮೈನಿ ತಂಡ 101 ರೋಗಿಗಳ ಒಂದು ಅಧ್ಯಯನ ಪ್ರಕಟಿಸಿತು. ಈ ಇಡೀ ಬರಹದಲ್ಲಿ ಒಂದೇ ಒಂದು ಲೆಕ್ಕ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ದೇಹದ ತೂಕದ ಪ್ರತಿ ಕಿಲೋಗೆ 1 ಮಿಲಿಗ್ರಾಂ ಔಷಧಿ ಪಡೆದವರಲ್ಲಿ 53% ಜನರ ದೇಹ ಔಷಧಿಯ ವಿರುದ್ಧ ಪ್ರತಿಕಾಯ ಮಾಡಿತ್ತು. 3 ಮಿಲಿಗ್ರಾಂ ಪಡೆದವರಲ್ಲಿ 21%. 10 ಮಿಲಿಗ್ರಾಂ ಪಡೆದವರಲ್ಲಿ 7% ಮಾತ್ರ. ನಮ್ಮ ಸಾಮಾನ್ಯ ಬುದ್ಧಿಗೆ ಇದು ತಲೆಕೆಳಗು. ಕಡಿಮೆ ಕೊಟ್ಟರೆ ಕಡಿಮೆ ತೊಂದರೆ ಅಲ್ವಾ ಅಂದುಕೊಳ್ಳುತ್ತೇವೆ. ಇಲ್ಲಿ ಕಡಿಮೆ ಕೊಟ್ಟಷ್ಟೂ ದೇಹ ಹೆಚ್ಚು ಎದುರಿಸಿತು. ಜೊತೆಗೆ ವಾರಕ್ಕೊಮ್ಮೆ ಸ್ವಲ್ಪ ಮೆಥೋಟ್ರೆಕ್ಸೇಟ್ ಮಾತ್ರೆ ತೆಗೆದುಕೊಂಡವರಲ್ಲಿ ಇದೇ ಅಂಕಿಗಳು 15%, 7%, ಸೊನ್ನೆ.

ಯಾಕೆ ಹೀಗೆ? ಮಕ್ಕಳಿಗೆ ಲಸಿಕೆ ಹಾಕಿಸುವ ಕ್ರಮ ನೆನಪಿಸಿಕೊಳ್ಳಿ. ಸ್ವಲ್ಪ ಕೊಡುತ್ತಾರೆ, ಬಿಡುವು ಕೊಡುತ್ತಾರೆ, ಮತ್ತೆ ಸ್ವಲ್ಪ ಕೊಡುತ್ತಾರೆ. ದೇಹಕ್ಕೆ ಪಾಠ ಕಲಿಸುವ ವಿಧಾನವೇ ಅದು. ಬೇರಿಂಗ್ ತನ್ನ ಪ್ರಾಣಿಗಳಿಗೆ ಮಾಡಿದ್ದೂ ಅದೇ. ಬಯಾಲಜಿಕ್ ಇಂಜೆಕ್ಷನ್ನನ್ನು ಸ್ವಲ್ಪ ಸ್ವಲ್ಪ, ಬಿಟ್ಟು ಬಿಟ್ಟು ತೆಗೆದುಕೊಂಡರೆ ನಾವು ಗೊತ್ತಿಲ್ಲದೆ ನಮ್ಮದೇ ಔಷಧಿಯ ವಿರುದ್ಧ ಲಸಿಕೆ ಹಾಕಿಕೊಂಡ ಹಾಗೆ. ಅದೇ ಔಷಧಿ ರಕ್ತದಲ್ಲಿ ಒಂದೇ ಮಟ್ಟದಲ್ಲಿ ಯಾವಾಗಲೂ ಇದ್ದರೆ ದೇಹ ಅದಕ್ಕೆ ಒಗ್ಗಿಕೊಳ್ಳುವ ಸಂಭವ ಹೆಚ್ಚು.

2003ರಲ್ಲಿ ಬೆಲ್ಜಿಯಂನಿಂದ ಬಂದ ಇನ್ನೊಂದು ಅಧ್ಯಯನವೂ ಇದನ್ನೇ ತೋರಿಸಿತು. ಕ್ರೋನ್ಸ್ ಅನ್ನುವ ಕರುಳಿನ ಕಾಯಿಲೆಯ 125 ಜನರಿಗೆ, ತೊಂದರೆ ಮರುಕಳಿಸಿದಾಗ ಮಾತ್ರ ಇನ್‌ಫ್ಲಿಕ್ಸಿಮಾಬ್ ಕೊಡುತ್ತಿದ್ದರು. 61% ಜನರಲ್ಲಿ ಪ್ರತಿಕಾಯ ಹುಟ್ಟಿತು. ಪ್ರತಿಕಾಯ ಹೆಚ್ಚಿದ್ದವರಿಗೆ ಒಂದು ಡೋಸಿನ ಪರಿಣಾಮ 35 ದಿನ ನಿಂತರೆ ಉಳಿದವರಿಗೆ 71 ದಿನ. ಆಮೇಲೆ ಸೋರಿಯಾಸಿಸ್‌ನಲ್ಲೇ, ನಿರಂತರವಾಗಿ ಕೊಡುವುದನ್ನೂ ಉಲ್ಬಣಿಸಿದಾಗ ಮಾತ್ರ ಕೊಡುವುದನ್ನೂ ಹೋಲಿಸಿದ ಒಂದು ಪ್ರಯೋಗವನ್ನು ನಡುವೆಯೇ ನಿಲ್ಲಿಸಬೇಕಾಯಿತು. ಬಿಟ್ಟು ಬಿಟ್ಟು ತೆಗೆದುಕೊಂಡವರಲ್ಲಿ ಡ್ರಿಪ್ ಹಾಕುವಾಗ ಗಂಭೀರ ಅಲರ್ಜಿ ಪ್ರತಿಕ್ರಿಯೆಗಳು ಹೆಚ್ಚಾಗಿ ಕಂಡವು.

ಸೋರಿಯಾಸಿಸ್‌ಗೆ ಅಂತಲೇ ಮೊದಲ ಬಯಾಲಜಿಕ್ ಔಷಧಿಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 2003ರಲ್ಲಿ, ಅಲೆಫಸೆಪ್ಟ್. ಅದೇ ವರ್ಷ ಬಂದ ಎಫಾಲಿಜುಮಾಬ್ ಮಿದುಳಿನ ಅಪರೂಪದ ಸೋಂಕಿನ ಕಾರಣಕ್ಕೆ 2009ರಲ್ಲಿ ಮಾರುಕಟ್ಟೆಯಿಂದ ಹೊರಗೆ ಹೋಯಿತು. 2004ರಲ್ಲಿ ಎಟನರ್ಸೆಪ್ಟ್, 2008ರಲ್ಲಿ ಅಡಾಲಿಮುಮಾಬ್, 2009ರಲ್ಲಿ ಉಸ್ಟೆಕಿನುಮಾಬ್, 2015ರಲ್ಲಿ ಸೆಕುಕಿನುಮಾಬ್ ಸೋರಿಯಾಸಿಸ್‌ಗೆ ಬಂದವು.

ಇದರಲ್ಲಿ ಅಡಾಲಿಮುಮಾಬ್ ಪೂರ್ತಿ ಮನುಷ್ಯನ ಪ್ರತಿಕಾಯ. ಇನ್ನು ದೇಹ ತಕರಾರು ಮಾಡಲು ಏನೂ ಉಳಿದಿಲ್ಲ ಅಂತ ಬಹಳ ಜನ ನಂಬಿದ್ದರು. ಆದರೆ 2011ರಲ್ಲಿ ಆಮ್‌ಸ್ಟರ್‌ಡಾಮ್‌ನಿಂದ ಸಂಧಿವಾತದ 272 ರೋಗಿಗಳ ಅಧ್ಯಯನ ಬಂತು. ಮೂರು ವರ್ಷದಲ್ಲಿ 28% ಜನರಲ್ಲಿ ಅಡಾಲಿಮುಮಾಬ್ ವಿರುದ್ಧ ಪ್ರತಿಕಾಯ ಇತ್ತು. ಅವರಲ್ಲಿ ಮೂರನೇ ಎರಡರಷ್ಟು ಜನರಿಗೆ ಅದು ಹುಟ್ಟಿದ್ದು ಮೊದಲ 28 ವಾರದಲ್ಲೇ.

ಮನುಷ್ಯನದ್ದನ್ನೇ ಮನುಷ್ಯ ಯಾಕೆ ಒಪ್ಪಲಿಲ್ಲ? ಪ್ರತಿಕಾಯ ಇಂಗ್ಲಿಷಿನ ವೈ ಅಕ್ಷರದ ಆಕಾರದಲ್ಲಿರುತ್ತದೆ. ಅದರ ಕಾಂಡ ನಮ್ಮೆಲ್ಲರದೂ ಹೆಚ್ಚುಕಡಿಮೆ ಒಂದೇ. ಆದರೆ ಎರಡು ಕೊಂಬೆಗಳ ತುದಿ, ಅಂದರೆ ಗುರಿಯನ್ನು ಹಿಡಿಯುವ ಕೈ, ಪ್ರತಿ ಪ್ರತಿಕಾಯಕ್ಕೂ ಬೇರೆ ಬೇರೆ. ಬೆರಳಚ್ಚಿನ ಹಾಗೆ. ಔಷಧಿಯ ಆ ಬೆರಳಚ್ಚನ್ನು ನಿಮ್ಮ ದೇಹ ಹಿಂದೆಂದೂ ನೋಡಿಲ್ಲ. ನಮ್ಮೂರಿನವನೇ ಆದರೂ ಪರಿಚಯವಿಲ್ಲದವನು ರಾತ್ರಿ ಬಾಗಿಲು ತಟ್ಟಿದರೆ ನಾಯಿ ಬೊಗಳುತ್ತದಲ್ಲ, ಹಾಗೆ. ಪ್ಯಾರಾಸಿಟಮಾಲ್‌ಗೆ ಹೀಗೆ ಆಗುವುದಿಲ್ಲ, ಯಾಕೆಂದರೆ ಅದರ ಒಂದು ಅಣುವಿನಲ್ಲಿ ಇರುವುದು 20 ಪರಮಾಣು. ಪ್ರತಿಕಾಯ ಔಷಧಿಯ ಒಂದು ಅಣುವಿನಲ್ಲಿ ಸಾವಿರಾರು. ಇಷ್ಟು ದೊಡ್ಡದು ಕಣ್ಣಿಗೆ ಬೀಳದೆ ಇರುವುದಿಲ್ಲ.

ಯಾರ ದೇಹ ಹೆಚ್ಚು ಎದುರಿಸುತ್ತದೆ ಅನ್ನುವುದರಲ್ಲಿ ಹುಟ್ಟಿನಿಂದ ಬಂದ ಜೀನ್‌ಗಳ ಪಾಲೂ ಇದೆ. ಕರುಳಿನ ಕಾಯಿಲೆಯ ರೋಗಿಗಳ ಮೇಲೆ ಬ್ರಿಟನ್ನಿನಲ್ಲಿ ನಡೆದು 2020ರಲ್ಲಿ ಪ್ರಕಟವಾದ ಸಂಶೋಧನೆಯಲ್ಲಿ, ಯುರೋಪಿಯನ್ನರಲ್ಲಿ ಸುಮಾರು 40% ಜನರಲ್ಲಿರುವ ಒಂದು ಜೀನ್ ರೂಪ ಇದ್ದವರಲ್ಲಿ ಇನ್‌ಫ್ಲಿಕ್ಸಿಮಾಬ್ ಮತ್ತು ಅಡಾಲಿಮುಮಾಬ್ ವಿರುದ್ಧ ಪ್ರತಿಕಾಯ ಹುಟ್ಟುವ ಪ್ರಮಾಣ ಹೆಚ್ಚುಕಡಿಮೆ ಎರಡು ಪಟ್ಟು ಅಂತ ಕಂಡಿತು. ಔಷಧಿಯಿಂದ ಔಷಧಿಗೂ ವ್ಯತ್ಯಾಸ ಇದೆ. ಎಟನರ್ಸೆಪ್ಟ್ ವಿರುದ್ಧ ಹುಟ್ಟುವ ಪ್ರತಿಕಾಯ ಸಾಮಾನ್ಯವಾಗಿ ಅದರ ಕೆಲಸ ಕೆಡಿಸುವುದಿಲ್ಲ. ಸೆಕುಕಿನುಮಾಬ್‌ನ ಆರಂಭದ ಪ್ರಯೋಗಗಳಲ್ಲಿ 1%ಗಿಂತ ಕಡಿಮೆ ಜನರಲ್ಲಿ ಪ್ರತಿಕಾಯ ಕಂಡಿತ್ತು. ಬದನೆಕಾಯಿ ಈ ಪಟ್ಟಿಯಲ್ಲಿ ಎಲ್ಲೂ ಇಲ್ಲ.

ಕರ್ನಾಟಕದ್ದೂ ಇದರಲ್ಲಿ ಒಂದು ಪುಟ ಇದೆ. ಕ್ಯೂಬಾದ ಹವಾನಾದಲ್ಲಿ ಒಂದು ಸಂಸ್ಥೆ ರೋಗನಿರೋಧಕ ಕೋಶಗಳ ಮೇಲಿರುವ ಸಿಡಿ6 ಅನ್ನುವ ಗುರುತಿಗೆ ಇಲಿಯ ಪ್ರತಿಕಾಯ ತಯಾರಿಸಿತ್ತು. ಅದನ್ನು ಮನುಷ್ಯನ ರೂಪಕ್ಕೆ ತಂದು, ಬೆಂಗಳೂರಿನ ಬಯೋಕಾನ್ 2013ರಲ್ಲಿ ಸೋರಿಯಾಸಿಸ್‌ಗೆ ಭಾರತದ ಮಾರುಕಟ್ಟೆಗೆ ತಂದಿತು. ಹೆಸರು ಇಟೊಲಿಜುಮಾಬ್. ಮೇಲೆ ಹೇಳಿದ ಆಟದ ಪ್ರಕಾರ ಅದು ಯಾವ ಗುಂಪು ಅಂತ ನೀವೇ ಹೇಳಿ. ಮರುವರ್ಷ ಅಡಾಲಿಮುಮಾಬ್‌ನ ದೇಸಿ ಪ್ರತಿರೂಪವೂ ನಮ್ಮ ದೇಶದಲ್ಲಿ ಬಂತು. ಇಂಥವಕ್ಕೆ ಬಯೋಸಿಮಿಲರ್ ಅನ್ನುತ್ತಾರೆ. ಇಲ್ಲಿ ಇಂಗ್ಲೆಂಡಿನಲ್ಲಿ ಅಡಾಲಿಮುಮಾಬ್ ಬಯೋಸಿಮಿಲರ್‌ಗಳು ಬಂದಿದ್ದು 2018ರ ಅಕ್ಟೋಬರ್‌ನಲ್ಲಿ, ಅಂದರೆ ನಮ್ಮ ದೇಶಕ್ಕಿಂತ ನಾಲ್ಕು ವರ್ಷ ತಡವಾಗಿ.

ಇಷ್ಟೆಲ್ಲ ಚರಿತ್ರೆ ಹೇಳಿದ್ದು ಒಂದು ವಿಷಯಕ್ಕೆ ಬರಲು. ಪ್ರಶ್ನೆ ಕೇಳಿದವರಲ್ಲಿ ಒಬ್ಬರನ್ನು ಅವರ ಒಪ್ಪಿಗೆ ಪಡೆದು, ಹೆಸರಿಲ್ಲದೆ ಪ್ರಸ್ತಾಪಿಸುತ್ತೇನೆ. ಹದಿನೈದು ದಿನಕ್ಕೊಮ್ಮೆ ತೆಗೆದುಕೊಳ್ಳಬೇಕಾದ ಇಂಜೆಕ್ಷನ್ ಅವರದು. ಮೈ ತಿಳಿಯಾದ ಮೇಲೆ ತಿಂಗಳಿಗೆ ಒಂದು ಮಾಡಿದರು. ಆಮೇಲೆ ಮಗಳ ಕಾಲೇಜು ಫೀಸು ಬಂದಾಗ ಎರಡು ತಿಂಗಳು ನಿಲ್ಲಿಸಿದರು. ಮೊಣಕೈ ಮೇಲೆ ಮತ್ತೆ ಹೊಟ್ಟು ಏಳಲು ಶುರುವಾದಾಗ ಪುನಃ ಒಂದು. ಹೀಗೆ ಒಂದೂವರೆ ವರ್ಷ. ಈಗ ಎರಡೆರಡು ಹಾಕಿಸಿಕೊಂಡರೂ ಕೇಳುತ್ತಿಲ್ಲ. "ಅಕ್ಕಾ, ಔಷಧಿ ಕಮ್ಮಿ ತಗೊಂಡ್ರೆ ಮೈಗೆ ಒಳ್ಳೇದು ಅಂದ್ಕೊಂಡಿದ್ದೆ" ಅಂದರು.

ಅವರನ್ನು ಯಾರೂ ಬೈಯಬೇಡಿ. ತಿಂಗಳಿಗೆ ಸಾವಿರಾರು ರೂಪಾಯಿ ಕೈಯಿಂದ ಹಾಕುವವರಿಗೆ, ಚರ್ಮ ಚೆನ್ನಾಗಿ ಕಾಣುತ್ತಿರುವಾಗ ಒಂದು ಡೋಸು ಮುಂದಕ್ಕೆ ಹಾಕೋಣ ಅನ್ನಿಸುವುದು ಸಹಜ. ಅವರಿಗೆ ಮೈನಿಯ ಲೆಕ್ಕ ಯಾರೂ ಹೇಳಿರಲಿಲ್ಲ, ಅಷ್ಟೇ. ಅವರ ದೇಹದಲ್ಲಿ ಪ್ರತಿಕಾಯ ಇದೆಯೋ ಇಲ್ಲವೋ ಅಂತ ಇಲ್ಲಿ ಕೂತು ನಾನು ಹೇಳಲಾರೆ, ರಕ್ತ ಪರೀಕ್ಷೆಯೇ ಹೇಳಬೇಕು. ಆದರೆ ಈ ಲೆಕ್ಕ ಇನ್ನೊಬ್ಬರಿಗೆ ಮೊದಲೇ ಗೊತ್ತಿರಲಿ ಅಂತಲೇ ಅವರು ಬರೆಯಲು ಒಪ್ಪಿದ್ದು.

ಔಷಧಿ ಕೆಲಸ ನಿಲ್ಲಿಸಿದಾಗ ಕ್ಲಿನಿಕ್‌ನಲ್ಲಿ ನಾವು ಏನು ನೋಡುತ್ತೇವೆ ಅಂತ ಹೇಳುತ್ತೇನೆ. ಮುಂದಿನ ಡೋಸಿಗೆ ಸ್ವಲ್ಪ ಮೊದಲು ರಕ್ತ ತೆಗೆದು ಎರಡು ವಿಷಯ ಅಳೆಯಬಹುದು: ಔಷಧಿ ಎಷ್ಟು ಉಳಿದಿದೆ, ಅದರ ವಿರುದ್ಧ ಪ್ರತಿಕಾಯ ಇದೆಯೇ. ಎಲ್ಲ ಔಷಧಿಗೂ ಎಲ್ಲ ಊರಲ್ಲೂ ಈ ಪರೀಕ್ಷೆ ಸಿಗುವುದಿಲ್ಲ, ಅಡಾಲಿಮುಮಾಬ್ ಮತ್ತು ಇನ್‌ಫ್ಲಿಕ್ಸಿಮಾಬ್‌ಗೆ ಹೆಚ್ಚು ಬಳಕೆಯಲ್ಲಿದೆ. ಔಷಧಿ ಕಡಿಮೆ ಇದ್ದು ಪ್ರತಿಕಾಯ ಇಲ್ಲದಿದ್ದರೆ ಡೋಸು ಸಾಲುತ್ತಿಲ್ಲ ಅಂತ ಅರ್ಥ. ತೂಕ ಹೆಚ್ಚಿದವರಲ್ಲಿ, ಡೋಸು ತಪ್ಪಿಸಿದವರಲ್ಲಿ ಹೀಗಿರುತ್ತದೆ. ಔಷಧಿ ಕಡಿಮೆ ಇದ್ದು ಪ್ರತಿಕಾಯ ಜಾಸ್ತಿ ಇದ್ದರೆ ಅದೇ ಔಷಧಿಯನ್ನು ಇನ್ನಷ್ಟು ಸುರಿದು ಸಾಮಾನ್ಯವಾಗಿ ಪ್ರಯೋಜನ ಇಲ್ಲ, ಬೇರೆ ಔಷಧಿಗೆ ಹೋಗುತ್ತಾರೆ. ಔಷಧಿ ಸಾಕಷ್ಟು ಇದ್ದೂ ಚರ್ಮ ಕೆಟ್ಟಿದ್ದರೆ ಕಾಯಿಲೆ ಬೇರೆ ದಾರಿ ಹಿಡಿದಿದೆ ಅಂತ. ಆಗ ಬೇರೆ ಗುರಿ ಹಿಡಿಯುವ ಔಷಧಿ ಬೇಕು.

ಇದರಿಂದ ಮನೆಯವರು ತಿಳಿದಿರಬೇಕಾದ ಕೆಲವು ಮಾತು:

ವೈದ್ಯರನ್ನು ಕೇಳದೆ ಇಂಜೆಕ್ಷನ್ನಿನ ಅಂತರ ಹೆಚ್ಚಿಸಬೇಡಿ. ದುಡ್ಡಿನ ತೊಂದರೆ ಇದ್ದರೆ ಅದನ್ನೇ ವೈದ್ಯರಿಗೆ ಹೇಳಿ. ಹೇಳಲು ನಾಚಿಕೆ ಬೇಡ. ಮುಂದೆ ಖರ್ಚು ನಿಭಾಯಿಸಲು ಆಗುವುದಿಲ್ಲ ಅಂತ ಮೊದಲೇ ಗೊತ್ತಿದ್ದರೆ, ಬಯೋಸಿಮಿಲರ್, ಮೆಥೋಟ್ರೆಕ್ಸೇಟ್, ಬೆಳಕಿನ ಚಿಕಿತ್ಸೆ, ಹೀಗೆ ಬೇರೆ ದಾರಿಗಳನ್ನು ಅವರು ಶುರುವಿನಲ್ಲೇ ಯೋಚಿಸಬಹುದು.

ಒಂದು ಔಷಧಿಯ ವಿರುದ್ಧ ಪ್ರತಿಕಾಯ ಹುಟ್ಟಿದ್ದರೆ ಅದೇ ಔಷಧಿಯ ಬಯೋಸಿಮಿಲರ್‌ಗೆ ಬದಲಾಯಿಸಿ ಲಾಭ ಇಲ್ಲ. ಎರಡರ ಬೆರಳಚ್ಚೂ ಒಂದೇ, ದೇಹ ಎರಡನ್ನೂ ಗುರುತು ಹಿಡಿಯುತ್ತದೆ. ಆದರೆ ಚೆನ್ನಾಗಿ ಕೆಲಸ ಮಾಡುತ್ತಿರುವಾಗ ಅಗ್ಗದ ಬಯೋಸಿಮಿಲರ್‌ಗೆ ಹೋಗುವುದಕ್ಕೆ ಹೆದರಬೇಕಿಲ್ಲ.

ಜ್ವರ, ಕೆಮ್ಮು, ಸೋಂಕು, ಆಪರೇಷನ್, ಬಸಿರು ಈ ಸಂದರ್ಭಗಳಲ್ಲಿ ಡೋಸು ನಿಲ್ಲಿಸಬೇಕಾಗಬಹುದು. ಅದು ಸರಿಯಾದ ಕಾರಣವೇ. ವೈದ್ಯರು ಹೇಳಿದರೆ ನಿಲ್ಲಿಸಿ, ಅವರು ಹೇಳಿದಾಗ ಶುರು ಮಾಡಿ. ಬಹಳ ದಿನ ಬಿಟ್ಟು ಮತ್ತೆ ತೆಗೆದುಕೊಳ್ಳುವ ಮೊದಲ ಡೋಸನ್ನು ಮನೆಯಲ್ಲಿ ಒಬ್ಬರೇ ಚುಚ್ಚಿಕೊಳ್ಳಬೇಡಿ. ಉಸಿರು ಕಟ್ಟುವುದು, ಮುಖ ಊದುವುದು ಕಂಡರೆ ತಕ್ಷಣ ಆಸ್ಪತ್ರೆಗೆ ಹೋಗಿ.

ಮೆಥೋಟ್ರೆಕ್ಸೇಟ್ ಪ್ರತಿಕಾಯ ತಡೆಯುತ್ತದೆ ಅಂತ ಓದಿ ಅಂಗಡಿಯಿಂದ ತಂದು ನುಂಗಬೇಡಿ. ಅದು ವಾರಕ್ಕೊಮ್ಮೆ ಮಾತ್ರ ತೆಗೆದುಕೊಳ್ಳುವ ಮಾತ್ರೆ. ದಿನಾ ತೆಗೆದುಕೊಂಡರೆ ಪ್ರಾಣಕ್ಕೆ ಅಪಾಯ. ಗರ್ಭಿಣಿಯರು ತೆಗೆದುಕೊಳ್ಳಲೇಬಾರದು.

ಪೆನ್ನನ್ನು 2ರಿಂದ 8 ಡಿಗ್ರಿಯಲ್ಲಿ, ಫ್ರಿಜ್ಜಿನ ಕೆಳಗಿನ ಭಾಗದಲ್ಲಿ ಇಡಿ, ಫ್ರೀಜರ್‌ನಲ್ಲಿ ಬೇಡ. ನಮ್ಮೂರಲ್ಲಿ ಮಳೆಗಾಲದಲ್ಲಿ ಎರಡೆರಡು ದಿನ ಕರೆಂಟು ಇರುವುದಿಲ್ಲ ಅಂತ ಗೊತ್ತು. ಅಂಥ ಸಮಯದಲ್ಲಿ ಪೆನ್ನು ಎಷ್ಟು ಹೊತ್ತು ಹೊರಗಿತ್ತು ಅಂತ ಬರೆದಿಟ್ಟುಕೊಂಡು, ಬಳಸುವ ಮೊದಲು ಫಾರ್ಮಸಿಯವರನ್ನು ಕೇಳಿ.

ಕೊನೆಗೆ, ಬದನೆಕಾಯಿ. ತಿಂದರೆ ನಿಮಗೆ ನವೆ ಹೆಚ್ಚಾಗುತ್ತದೆ ಅನ್ನಿಸಿದರೆ ಬಿಡಿ, ಅದು ನಿಮ್ಮಿಷ್ಟ. ಆದರೆ ಇಂಜೆಕ್ಷನ್ ಕೈಕೊಟ್ಟಿದ್ದು ಅದರಿಂದಲ್ಲ. ಗಂಟಲಮಾರಿಯಿಂದ ಪಾರಾದ ವಿಯೆನ್ನಾದ ಮಕ್ಕಳ ದೇಹ ಮಾಡಿದ್ದನ್ನೇ ನಿಮ್ಮ ದೇಹವೂ ಮಾಡಿದೆ: ಹೊಸದನ್ನು ಕಂಡು ಕಲಿಯಿತು, ನೆನಪಿಟ್ಟುಕೊಂಡಿತು. ಸಿಡುಬು, ದಡಾರದಿಂದ ನಮ್ಮ ಅಜ್ಜ ಅಜ್ಜಿಯರನ್ನು ಉಳಿಸಿದ್ದೂ ಇದೇ ನೆನಪು. ಅದನ್ನು ಶಾಪ ಅನ್ನಬೇಡಿ. ಒಂದು ಔಷಧಿಯನ್ನು ದೇಹ ಒಪ್ಪದಿದ್ದರೆ ಬೇರೆ ಬೇರೆ ಗುರಿಯ ಔಷಧಿಗಳು ಈಗ ಹತ್ತಕ್ಕಿಂತ ಹೆಚ್ಚಿವೆ. 2003ಕ್ಕೆ ಮೊದಲು ಒಂದೂ ಇರಲಿಲ್ಲ.

ಮುಂದಿನ ಭಾಗದಲ್ಲಿ ಈ ಇಂಜೆಕ್ಷನ್ ಶುರು ಮಾಡುವ ಮೊದಲು ಕ್ಷಯದ ಪರೀಕ್ಷೆ ಯಾಕೆ ಮಾಡಿಸುತ್ತಾರೆ ಅಂತ ಬರೆಯುತ್ತೇನೆ. ನಮ್ಮ ಕಡೆಯವರಿಗೆ ಅದು ಬಹಳ ಮುಖ್ಯ. ಪ್ರಶ್ನೆ ಇದ್ದರೆ ಕೆಳಗೆ ಬರೆಯಿರಿ. ಸ್ವಂತ ಕಾಯಿಲೆಯ ಫೋಟೋ, ರಿಪೋರ್ಟ್ ಮಾತ್ರ ಇಲ್ಲಿ ಹಾಕಬೇಡಿ, ನನಗೆ ಬೇರೆಯಾಗಿ ಕಳಿಸಿ. ಡ್ಯೂಟಿ ಮುಗಿಸಿ ರಾತ್ರಿ ಉತ್ತರ ಕೊಡುತ್ತೇನೆ, ಆಗ ನಿಮಗೆ ಬೆಳಗಿನ ಜಾವ ಆಗಿರುತ್ತದೆ.